ಎಂಜಿನ್ನಿನ ಮನೆ

ಹಳೆಯ ಗಾಡಿಗೆ ಹೊಸ ಎತ್ತನ್ನು ಹೂಡುವಾಗ ರೈತನು ಮೊದಲು ನೋಡುವುದು ಎತ್ತಿನ ಬಲವನ್ನಲ್ಲ, ಅದರ ಎತ್ತರವನ್ನು. ನೊಗ ಓರೆಯಾದರೆ ಬಲವುಳ್ಳ ಎತ್ತೇ ಗಾಡಿಯನ್ನು ಕೆಡಿಸುವುದು. ಮೋಟಾರು ಗಾಡಿಯ ಎಂಜಿನ್ನನ್ನು ಬದಲಿಸ ಹೊರಟವರಿಗೂ ಈ ಮಾತು ತಿಳಿಯದುದಲ್ಲ. ಆದರೆ ಅವರಲ್ಲಿ ಅನೇಕರಿಗೆ ಅದು ನೆನಪಾಗುವುದು ಬಾನೆಟ್ಟು ಮುಚ್ಚದೆ ಹೋದ ಮೇಲೆ.

ಇಂಗ್ಲೆಂಡಿನ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1962ರಲ್ಲಿ ಹೊರಬಂದ ಆ ಕಾರಿನಲ್ಲಿದ್ದುದು 1798 ಸಿ.ಸಿ.ಯ ಎರಕದ ಕಬ್ಬಿಣದ ಎಂಜಿನ್ನು. ಈ ದೇಶದ ಬೀದಿಗಳಲ್ಲಿ ಎಷ್ಟೋ ಕಾಲ ಓಡಾಡಿದ ಅಂಬಾಸಡರ್ ಕಾರಿನ 1489 ಸಿ.ಸಿ. ಎಂಜಿನ್ನು ಅದೇ ವಂಶದ್ದೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಕೆನ್ ಕಾಸ್ಟೆಲ್ಲೊ ಎಂಬಾತನು ಆ ಕಾರಿನಲ್ಲಿ ರೋವರ್ ಸಂಸ್ಥೆಯ 3528 ಸಿ.ಸಿ.ಯ ಎಂಟು ಸಿಲಿಂಡರಿನ ಎಂಜಿನ್ನನ್ನು ಕೂರಿಸಿ ಮಾರತೊಡಗಿದನು. ಅಲ್ಯೂಮಿನಿಯಮ್ಮಿನದಾದುದರಿಂದ ಅದರ ತೂಕ ಹೆಚ್ಚೇನೂ ಇರಲಿಲ್ಲ. ತೊಡಕಾದುದು ತೂಕದಿಂದಲ್ಲ, ಸ್ಥಳದಿಂದ. ಕಾರ್ಬ್ಯುರೇಟರುಗಳಿಗೆ ಎಡೆ ಸಾಲದೆ ಬಾನೆಟ್ಟಿಗೆ ಗೂನು ಬಂದಿತು. 1973ರಲ್ಲಿ ಕಾರ್ಖಾನೆಯವರೇ ಆ ಕೆಲಸಕ್ಕೆ ಕೈಹಾಕಿದಾಗ ಕಾರ್ಬ್ಯುರೇಟರುಗಳನ್ನು ಎಂಜಿನ್ನಿನ ಹಿಂಬದಿಗೆ ಸರಿಸಿದರು, ಗೂನು ಮಾಯವಾಯಿತು. ಇಂತಹ ಉಪಾಯ ಹೊಳೆದ ಮೇಲೆ ಸುಲಭ, ಹೊಳೆಯುವುದೇ ಕಷ್ಟ.

ಬಯಲುಸೀಮೆಯವರು ಎಂ.ಜಿ.ಬಿ.ಯನ್ನು ಕಾಣದಿದ್ದರೂ ಜೀಪನ್ನು ಕಾಣದವರಿಲ್ಲ. ಯುದ್ಧಕಾಲದ ವಿಲ್ಲೀಸ್ ಜೀಪಿನ ಎಂಜಿನ್ನಿನಲ್ಲಿ ಎರಡು ಬಗೆಯ ವಾಲ್ವುಗಳೂ ಸಿಲಿಂಡರಿನ ಪಕ್ಕದಲ್ಲಿದ್ದವು. ಮುಂದೆ ಹರಿಕೇನ್ ಎಂಬ ಎಂಜಿನ್ನಿನಲ್ಲಿ ಒಳಸೇದುವ ವಾಲ್ವು ತಲೆಯ ಮೇಲೇರಿತು. ಸಿಲಿಂಡರುಗಳ ಅಳತೆ ಬದಲಾಗದಿದ್ದರೂ ಎಂಜಿನ್ನು ಎತ್ತರವಾಯಿತು. ಅದಕ್ಕಾಗಿ 1953ರ ಸಿ.ಜೆ. 3ಬಿ ಮಾದರಿಯಲ್ಲಿ ಮುಂಭಾಗದ ಜಾಲರಿಯನ್ನೂ ಬಾನೆಟ್ಟನ್ನೂ ಎತ್ತರಿಸಿದರು. ಮಹೀಂದ್ರಾದವರು ದಶಕಗಳ ಕಾಲ ಈ ದೇಶದಲ್ಲಿ ತಯಾರಿಸಿದುದು ಈ ಎತ್ತರದ ಹಣೆಯ ಜೀಪನ್ನೇ. ಅದನ್ನು ಅಂದಗೇಡಿಯೆಂದವರುಂಟು. ಎಂಜಿನ್ನಿಗೆ ತಕ್ಕಂತೆ ಮನೆ ಕಟ್ಟಿದ ಪ್ರಾಮಾಣಿಕತೆ ಅಂದಕ್ಕಿಂತ ಕಡಮೆಯದೇನೂ ಅಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಒಂದು ಮನೆಯಲ್ಲಿ ಇಂತಹುದೊಂದು ಜೀಪುಂಟು. ವಯಸ್ಸು ಐವತ್ತು ದಾಟಿದೆ. ಶೇಂಗಾದ ಚೀಲಗಳನ್ನು ಚಳ್ಳಕೆರೆಯ ಪೇಟೆಗೆ ಹೊತ್ತದ್ದು, ಬಸುರಿಯರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಕುಡಿದು, ಒಳಗೆಲ್ಲ ಸುಣ್ಣಗಟ್ಟಿ, ಒಂದು ಬೇಸಿಗೆಯಲ್ಲಿ ಕಾದು ಅದರ ಎಂಜಿನ್ನಿನ ಬ್ಲಾಕು ಬಿರಿಯಿತು. ಮೇಸ್ತ್ರಿ ಬಂದು ನೋಡಿ, “ಯಜಮಾನ್ರೇ, ಇದನ್ನ ಇಳಿಸಿ ಡೀಸೆಲ್ ಇಂಜಿನ್ ಕೂರಿಸೋಣ, ಖರ್ಚೂ ಕಡಿಮೆ” ಎಂದನು. ಯಜಮಾನರು ಒಪ್ಪಿದರು. ಪಟ್ಟಣದಲ್ಲಿ ಓದುತ್ತಿದ್ದ ಮೊಮ್ಮಗನು ಒಪ್ಪಲಿಲ್ಲ.

ಮೇಸ್ತ್ರಿಯ ಮಾತಿನಲ್ಲಿ ಮೋಸವಿರಲಿಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನನ್ನು ಕೂರಿಸಿ ಓಡಿಸಿದವರು ಬಹಳ ಮಂದಿ. ಆದರೆ ಕೂರಿಸುವುದೆಂದರೇನು? ಎಂಜಿನ್ನಿನ ದಂಡವೂ ಗೇರುಪೆಟ್ಟಿಗೆಯ ದಂಡವೂ ಒಂದೇ ನೇರದಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಬಹುಕಾಲ ಬಾಳದು. ನಡುವಣ ಜೋಡುತಟ್ಟೆಯನ್ನು ಕಣ್ಣಳತೆಯಿಂದ ಕೊರೆಯಲಾಗದು. ಎಣ್ಣೆಯ ತೊಟ್ಟಿ ಮುಂದಿನ ಆಕ್ಸಲಿಗೆ ತಾಗಬಾರದು; ಚಕ್ರ ಗುಂಡಿಗೆ ಬಿದ್ದಾಗ ಆಕ್ಸಲು ಮೇಲೇಳುವುದನ್ನು ಮರೆತವರು ತೊಟ್ಟಿಯನ್ನೇ ಒಡೆದುಕೊಂಡಿದ್ದಾರೆ. ರೇಡಿಯೇಟರಿಗೂ ಫ್ಯಾನಿಗೂ ನಡುವೆ ಎಡೆ ಬೇಕು. ಭಾರ ಹೆಚ್ಚಾದರೆ ಮುಂದಿನ ಪಟ್ಟಿಗಳು ಕುಗ್ಗುವುವು. ಡೀಸೆಲ್ಲಿನ ನಡುಕ ಬೆಸುಗೆಗಳನ್ನು ಬಿರಿಸುವುದು. ಇಷ್ಟೆಲ್ಲ ಆದಮೇಲೂ, ಪೆಟ್ರೋಲಿನ ಸುತ್ತಿಗೆ ಹೊಂದಿಸಿದ ಗೇರುಗಳಿಗೆ ನಿಧಾನವಾಗಿ ಸುತ್ತುವ ಎಂಜಿನ್ನು ಸೇರಿದುದರಿಂದ ಗಾಡಿಗೆ ಎಳೆತವಿದ್ದೀತು, ಓಟವಿರದು.

“ಹೊಲಕ್ಕೆ ಹೋಗಾಕೆ ಓಟ ಯಾಕಪ್ಪ?” ಎಂದರು ಯಜಮಾನರು. ಅದಕ್ಕೆ ಮೊಮ್ಮಗನಲ್ಲಿ ಉತ್ತರವಿರಲಿಲ್ಲ. ಅವನು ಹಿಡಿದು ತಂದುದು ಕಾನೂನನ್ನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಬೇರೆ ಇಂಧನಕ್ಕೆ ಒಗ್ಗಿಸುವುದಾದರೆ ಅದಕ್ಕೆ ವಿಧಿಸಿದ ಕಟ್ಟಳೆಗಳುಂಟು. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಈ ಪ್ರಕರಣವನ್ನು ಬಿಗಿಯಾಗಿಯೇ ಅರ್ಥೈಸಿತು. ಮೇಲಾಗಿ 2021ರ ನಿಯಮಗಳಲ್ಲಿ ಐವತ್ತು ವರ್ಷ ಮೀರಿದ ಗಾಡಿಗಳಿಗೆ ಪುರಾತನ ವಾಹನವೆಂಬ ಪ್ರತ್ಯೇಕ ನೋಂದಣಿ ದೊರೆತಿದೆ. ಗಾಡಿ ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಕರಾರು. ಎಂಜಿನ್ನು ಹೋದರೆ ಆ ಮಾನವೂ ಹೋಗುವುದು.

“ಹಂಗಂದ್ರೆ ಇದನ್ನ ಪೂಜೆಗೆ ಇಟ್ಕೊಳ್ಳೋದಾ?” ಎಂಬುದು ಯಜಮಾನರ ಪ್ರಶ್ನೆ. ಅದೂ ನ್ಯಾಯವಾದುದೇ. ಪುರಾತನವೆಂದು ನೋಂದಾಯಿಸಿದ ಗಾಡಿಯನ್ನು ದಿನದ ದುಡಿಮೆಗೆ ಹೂಡುವಂತಿಲ್ಲ. ದುಡಿಯದ ಜೀಪು ಅವರ ಕಣ್ಣಿಗೆ ಜೀಪೇ ಅಲ್ಲ.

ದಾರಿ ದೊರೆತುದು ಮೇಸ್ತ್ರಿಯಿಂದಲೇ. ಬಿರಿದ ಎರಕವನ್ನು ಬೆಸೆಯದೆ, ಬಿರುಕಿನುದ್ದಕ್ಕೂ ರಂಧ್ರ ಕೊರೆದು, ಲೋಹದ ಕೀಲುಗಳನ್ನು ಒಂದಕ್ಕೊಂದು ಕಚ್ಚುವಂತೆ ತಿರುಪಿ ಹೊಲಿಯುವ ವಿದ್ಯೆಯೊಂದುಂಟು. ಕಾಯಿಸದೆ ಮಾಡುವುದರಿಂದ ಎರಕ ಮತ್ತೆ ಬಿರಿಯುವ ಭಯ ಕಡಮೆ. ಖರ್ಚು ಡೀಸೆಲ್ ಎಂಜಿನ್ನಿಗಿಂತ ಹೆಚ್ಚೆಂದು ಅವನು ಮೊದಲೇ ಹೇಳಿಬಿಟ್ಟನು. ಯಜಮಾನರು ಒಂದು ದಿನ ಸುಮ್ಮನಿದ್ದರು. ಮರುದಿನ ಚೈನ್ ಬ್ಲಾಕನ್ನು ಬೇವಿನ ಕೊಂಬೆಗೆ ಕಟ್ಟಿಸಿ ಹಳೆಯ ಎಂಜಿನ್ನನ್ನು ಇಳಿಸಿ ಕಳುಹಿಸಿದರು. ಜೊತೆಗೆ, ರೇಡಿಯೇಟರಿಗೆಂದು ಮಳೆನೀರು ಹಿಡಿಯಲು ಮಾಳಿಗೆಯ ದೋಣಿಯ ಕೆಳಗೊಂದು ಡ್ರಮ್ಮನ್ನು ಇಡಿಸಿದರು.