ಮನೆಯ ಒಲೆ, ಮೈಯ ಒಲೆ

ಕೆಂಭಾವಿಯ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಒಲೆ ಹೊತ್ತದಿದ್ದರೆ ರೊಟ್ಟಿಯಿಲ್ಲ. ರೊಟ್ಟಿಯಿಲ್ಲದಿದ್ದರೆ ಹೊಲದ ಕೆಲಸವಿಲ್ಲ. ಇಷ್ಟು ಬಲ್ಲ ನಾವು ಮನೆಯ ಮಗುವೊಂದರ ವಿಷಯದಲ್ಲಿ ಮಾತ್ರ ಕುರುಡರಾದೆವು. ಆ ತಪ್ಪನ್ನು ಗೃಹಸ್ಥರಾದ ಓದುಗರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ನಮ್ಮ ತಂಗಿಯ ಮಗನು ಹತ್ತನೆಯ ವರ್ಷದವರೆಗೆ ಲೆಕ್ಕದಲ್ಲಿ ಮುಂದಾಗಿದ್ದನು. ಆಮೇಲೆ ಬರಬರುತ್ತ ಪಾಠವು ತಲೆಯಲ್ಲಿ ನಿಲ್ಲದಾಯಿತು. ಆಡಿ ಬೆಳೆದ ಓಣಿಯಲ್ಲಿಯೇ ದಾರಿ ತಪ್ಪತೊಡಗಿದನು; ಸ್ವಲ್ಪ ನಡೆದರೆ ಕಾಲು ಸೋಲುತ್ತಿದ್ದುವು. ನಾವು ಅವನನ್ನು ಮೈಗಳ್ಳನೆಂದು ಗದರಿಸಿದೆವು. “ಮಾಮಾ, ಲೆಕ್ಕ ಕಣ್ಣ ಮುಂದ ಬರ್ತದ, ಹಿಡೀಲಿಕ್ಕ ಹೋದ್ರ ಹೋಗಿಬಿಡ್ತದ” ಎಂದು ಅವನು ಅತ್ತನು. ನಾವು ಅದನ್ನೂ ನೆಪವೆಂದೆಣಿಸಿದೆವು. ಒಂದು ದಿನ ತಲೆನೋವು, ವಾಂತಿ, ಸೆಳವು ಒಟ್ಟಿಗೆ ಬಂದು, ಒಂದು ಕಡೆಯ ನೋಟವೇ ಮಂದವಾಯಿತು. ಆಗ ನಮ್ಮ ಬಾಯಿ ಕಟ್ಟಿತು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ರಕ್ತ, ಎಂ.ಆರ್.ಐ. ಚಿತ್ರ, ವಂಶವಾಹಿಗಳ ಪರೀಕ್ಷೆಯಾದ ಮೇಲೆ ರೋಗದ ಹೆಸರು ತಿಳಿಯಿತು: ಮೆಲಾಸ್. ವೈದ್ಯರು ಈ ಹೆಸರಿಟ್ಟುದು 1984ರಲ್ಲಿ. ಇದಕ್ಕೆ ಬಹುಮಟ್ಟಿಗೆ ಕಾರಣವಾದ ವಂಶವಾಹಿಯ ದೋಷವು ಗೊತ್ತಾದುದು 1990ರಲ್ಲಿ. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯವೆಂಬ ಸಣ್ಣ ಸಣ್ಣ ಒಲೆಗಳಿವೆ. ಉಂಡ ಅನ್ನವನ್ನು ಶಕ್ತಿಯನ್ನಾಗಿ ಮಾಡುವುದು ಅವುಗಳ ಕೆಲಸ. ಮೆದುಳು ಮೈತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ಸುಮ್ಮನೆ ಕುಳಿತಾಗಲೂ ಮೈಯ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಅದೇ ಬಳಸುತ್ತದೆ. ಆದುದರಿಂದ ಒಲೆ ಮಂಕಾದರೆ ಮೆದುಳು ಬೇಗನೆ ಬಳಲುವುದು. ಪಾರ್ಶ್ವವಾಯುವಿನಂತೆ ಕಂಡರೂ ಇಲ್ಲಿ ದೊಡ್ಡ ರಕ್ತನಾಳವು ಕಟ್ಟಿಕೊಂಡಿರುವುದಿಲ್ಲ. ಮೆದುಳಿನ ಹಿಂಭಾಗದಲ್ಲಿ ಹೆಚ್ಚಾಗಿ ಕಾಣುವ ಗಾಯವು ಯಾವುದೊಂದು ರಕ್ತನಾಳದ ಸೀಮೆಗೂ ಒಳಪಡದೆ ಹರಡುತ್ತದೆ. ಇಂಥ ಆಘಾತವು ಬಂದುಹೋದಾಗಲೆಲ್ಲ ನೆನಪು, ಗಮನ, ದಿಕ್ಕಿನ ಅರಿವುಗಳಲ್ಲಿ ಸ್ವಲ್ಪ ಸ್ವಲ್ಪ ಸವೆಯಬಹುದು.

ಈ ಒಲೆಗಳು ತಾಯಿಯಿಂದಲೇ ಮಕ್ಕಳಿಗೆ ಬರುವುವೆಂದು ಕೇಳಿದೊಡನೆ ಬೀಗರ ಮನೆಯಲ್ಲಿ ಬೆರಳು ನಮ್ಮ ತಂಗಿಯ ಕಡೆಗೆ ತಿರುಗಿತು. ಆದರೆ ನಾವೂ ಅದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರು. ಅವ್ವನಿಗೆ ನಡುವಯಸ್ಸಿನಲ್ಲಿಯೇ ಕಿವಿ ಮಂದವಾಗಿ ಸಕ್ಕರೆ ಕಾಯಿಲೆ ಬಂದಿತ್ತು; ನಮಗೂ ಹಾಗೆಯೇ. ಪರೀಕ್ಷಿಸಿದರೆ ನಮ್ಮಲ್ಲಿಯೂ ಅದೇ ದೋಷ! ಕೆಟ್ಟ ಒಲೆಗಳು ಒಬ್ಬರಿಗೆ ಕಡಿಮೆ, ಒಬ್ಬರಿಗೆ ಹೆಚ್ಚು ಬರುವುದುಂಟು. ನಮಗೆ ಕಡಿಮೆ ಬಂದುವು, ಹುಡುಗನಿಗೆ ಹೆಚ್ಚು. ಗದರಿಸಿದ ಮಾವನೂ ಅತ್ತ ಅಳಿಯನೂ ಒಂದೇ ಒಲೆಯವರು. ಇದರಲ್ಲಿ ತಾಯಿಯ ತಪ್ಪೇನು? ಬೀಗರ ಮನೆಗೆ ಹೋಗಿ ಇಷ್ಟನ್ನೂ ಹೇಳಿ ಬಂದೆವು.

ರೋಗವನ್ನು ಬುಡದಿಂದ ಕೀಳುವ ಮದ್ದು ಇನ್ನೂ ಇಲ್ಲ. ಸೆಳವನ್ನೂ ಸಕ್ಕರೆಯನ್ನೂ ಹಿಡಿತದಲ್ಲಿಡಬಹುದು, ಕಿವಿಗೆ ಯಂತ್ರವನ್ನಿಡಬಹುದು. ಉಪವಾಸ ಕೂಡದು. ಸೆಳವಿಗೆ ಕೊಡುವ ವಾಲ್ಪ್ರೊಯೇಟ್ ಎಂಬ ಔಷಧವು ಈ ಗುಂಪಿನ ಕೆಲವು ರೋಗಗಳಲ್ಲಿ ಯಕೃತ್ತಿಗೆ ಅಪಾಯಕರವಾದುದರಿಂದ, ಯಾವ ವೈದ್ಯರ ಬಳಿಗೆ ಹೋದರೂ ರೋಗದ ಹೆಸರನ್ನು ಮೊದಲು ಹೇಳಬೇಕು.

ಈಗ ಹುಡುಗನು ದಿನಕ್ಕೆ ಎರಡೇ ಲೆಕ್ಕ ಮಾಡುತ್ತಾನೆ. ನಡುವೆ ಸ್ವಲ್ಪ ಮಲಗುತ್ತಾನೆ. ನಾವು ಪಕ್ಕದಲ್ಲಿ ಕುಳಿತು ಕಾಯುತ್ತೇವೆ. ಮೂರನೆಯದನ್ನು ಕೇಳುವುದಿಲ್ಲ.