65 ಮೈಲಿಯ ನಡುಕ

ಹಳೆಯ ಕಾರು ನಡುಗುತ್ತದೆ ಎಂದು ಬಾಯಿ ಬಿಟ್ಟರೆ ಸಾಕು, ಶೀತವಾದವನಿಗೆ ಕಷಾಯ ಹೇಳುವವರ ಹಾಗೆ ಜನ ಮುತ್ತಿಕೊಳ್ಳುತ್ತಾರೆ. ಅಲೈನ್‌ಮೆಂಟ್ ಮಾಡಿಸಿ, ಶಾಕ್ ಅಬ್ಸಾರ್ಬರ್ ಬದಲಿಸಿ, ಎಂಜಿನ್ ಮೌಂಟ್ ನೋಡಿಸಿ. ಕೊನೆಗೆ, ಈ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರು ಯಾಕ್ರೀ ನಿಮಗೆ? ಕೊನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಲೈನ್‌ಮೆಂಟ್ ಬಗ್ಗೆ ಮಾತ್ರ ಹೇಳಬಲ್ಲೆ: ಅದು ಕೆಟ್ಟರೆ ಕಾರು ಪಕ್ಕಕ್ಕೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ನಡುಗಿಸುವುದು ಸಾಮಾನ್ಯವಾಗಿ ಅದರ ಕಸುಬಲ್ಲ.

ನನ್ನದು 1991ರ ಮಜ್ದಾ ಮಿಯಾಟ. ಚಾವಣಿ ಮಡಚುವ, ಇಬ್ಬರೇ ಕೂರುವ ಕಾರು. 1989ರ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದದ್ದು. ತೂಕ ಹತ್ತಿರ ಹತ್ತಿರ ಒಂದು ಟನ್. ಹಗುರ ಕಾರಿನ ಸುಖವೂ ಸಂಕಟವೂ ಒಂದೇ: ರಸ್ತೆಯಲ್ಲಿ ಆಗಿದ್ದೆಲ್ಲ ಅಂಗೈಗೆ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ 280ನೇ ಹೆದ್ದಾರಿಯಲ್ಲಿ 55 ಮೈಲಿ ವೇಗದವರೆಗೆ ಪರಮ ಸಾಧು. 60 ದಾಟಿದರೆ ಸ್ಟೇರಿಂಗ್ ಗದಗುಟ್ಟಿ, 65ಕ್ಕೆ ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡಾಗಿ, 75ಕ್ಕೆ ಮತ್ತೆ ತಣ್ಣಗೆ. ಅಲ್ಲಿ ಕಾನೂನಿನ ಮಿತಿ 65. "ಇನ್ನೂ ಜೋರಾಗಿ ಓಡಿಸ್ರಿ ಹಾಗಾದ್ರೆ, ಪೊಲೀಸರಿಗೆ ನಾನು ಹೇಳ್ತೀನಿ" ಎಂದಳು ಹೆಂಡತಿ.

ನಡುಕಕ್ಕೊಂದು ಲೆಕ್ಕವಿದೆ, ಆ ಲೆಕ್ಕ ಮಾಡದೆ ಬಿಡಿಭಾಗ ಕೊಳ್ಳುವುದು ಅಂಗಡಿಯವನಿಗೆ ಮಾಡುವ ಉಪಕಾರ. ಈ ಕಾರಿನ 14 ಇಂಚಿನ ಚಕ್ರ 65 ಮೈಲಿ ವೇಗದಲ್ಲಿ ಸೆಕೆಂಡಿಗೆ ಸುಮಾರು 16 ಸುತ್ತು ಸುತ್ತುತ್ತದೆ. ಡಿಫರೆನ್ಷಿಯಲ್ಲಿನ ಅನುಪಾತ 4.3 ಆದ್ದರಿಂದ ಹಿಂದಕ್ಕೆ ಹೋಗುವ ಶಾಫ್ಟ್ 69 ಸುತ್ತು. ಸೆಕೆಂಡಿಗೆ 16ರ ನಡುಕವನ್ನು ಕೈ ಹೆಚ್ಚುಕಡಿಮೆ ಎಣಿಸುತ್ತದೆ. 69ರದ್ದು ಎಣಿಕೆಗೆ ಸಿಗದೆ ಸೀಟಿನ ಕೆಳಗೆ ಗುಂಯ್ ಎನ್ನುತ್ತದೆ. ಗುಂಯ್ ಎಂದಿದ್ದರೆ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಕಟ್ಟಿದ ಅಲ್ಯುಮಿನಿಯಂ ತೊಲೆಯ ಮೇಲೆ ಅನುಮಾನ ಪಡುತ್ತಿದ್ದೆ. ಕ್ಲಚ್ ಬದಲಿಸುವಾಗ ಅದನ್ನು ಬಿಚ್ಚಿ, ಅಳತೆ ನೋಡದೆ ಬಿಗಿದುಬಿಟ್ಟರೆ ಶಾಫ್ಟಿನ ಕೋನ ಕೆಡುತ್ತದೆ. ನನ್ನದು ಗದಗದ. ನ್ಯೂಟ್ರಲ್ಲಿಗೆ ಹಾಕಿದೆ, ನಡುಕ ನಿಲ್ಲಲಿಲ್ಲ, ಎಂಜಿನ್ ಪಾರು. ಬ್ರೇಕ್ ಒತ್ತಿದರೂ ಹೆಚ್ಚಲಿಲ್ಲ; ಡಿಸ್ಕೂ ಪಾರು. ಸೀಟು ಸುಮ್ಮನಿದ್ದು ಸ್ಟೇರಿಂಗ್ ಮಾತ್ರ ಅಲುಗಿದರೆ ಅಪರಾಧಿ ಮುಂದಿನ ಚಕ್ರ.

ಚಕ್ರಗಳನ್ನು ಆಗಷ್ಟೇ ಬ್ಯಾಲೆನ್ಸ್ ಮಾಡಿಸಿ ತಂದಿದ್ದೆ ಎಂಬುದೇ ತಮಾಷೆ. ಯಂತ್ರದ ಪರದೆಯ ಮೇಲೆ ಎರಡು ಸೊನ್ನೆ ತೋರಿಸಿ, "ನೋಡಿ ಸಾರ್, ಪರ್ಫೆಕ್ಟ್" ಎಂದಿದ್ದ ಅಂಗಡಿಯ ಹುಡುಗ ಸುಳ್ಳು ಹೇಳಿರಲಿಲ್ಲ. ಆದರೆ ಆ ಸೊನ್ನೆ ಯಂತ್ರದ ಅಕ್ಷದ ಸುತ್ತ ಅಳೆದ ಸೊನ್ನೆ. ಹಿಂದಿನ ಮಾಲೀಕ ಶೋಕಿಗೆ ಹಾಕಿಸಿದ ರಿಮ್ಮುಗಳ ನಡುವಿನ ತೂತು 73 ಮಿಲಿಮೀಟರ್. ಈ ಕಾರಿನ ಹಬ್ಬು 54ಕ್ಕೆ ತುಸು ಮೇಲೆ. ನಡುವಿನ ಖಾಲಿ ಜಾಗವನ್ನು ತುಂಬಬೇಕಾದ ಬಳೆಗಳೇ ಇರಲಿಲ್ಲ. ಚಕ್ರವನ್ನು ಮಧ್ಯಕ್ಕೆ ತರುವ ಹೊಣೆಯೆಲ್ಲ ನಾಲ್ಕು ನಟ್ಟುಗಳ ತಲೆಗೆ. ಕಾರನ್ನು ನೆಲಕ್ಕಿಳಿಸಿದ ಮೇಲೆ ಅವನ್ನು ಗಾಳಿಯ ಗನ್ನಿನಿಂದ ಬಿಗಿದರೆ ಚಕ್ರ ಎಲ್ಲಿ ಕೂತಿತೋ ಅಲ್ಲೇ. ಟೈರು ಸೇರಿ 14 ಕಿಲೋ ಇರುವ ಚಕ್ರ ಬರೇ ಅರ್ಧ ಮಿಲಿಮೀಟರ್ ಸರಿದು ಕೂತರೂ, ರಿಮ್ಮಿನ ಅಂಚಿಗೆ ಸುಮಾರು 40 ಗ್ರಾಂ ತೂಕ ಅಂಟಿಸಿದಷ್ಟೇ ಆಯಿತು. 65 ಮೈಲಿಯಲ್ಲಿ ಆ 40 ಗ್ರಾಂ ಏಳು ಕಿಲೋ ಭಾರದಷ್ಟು ಬಲವಾಗಿ ಜಗ್ಗುತ್ತದೆ, ಸೆಕೆಂಡಿಗೆ 16 ಬಾರಿ. ವೇಗ ಏರಿದರೆ ಈ ಜಗ್ಗಾಟವೂ ಏರುತ್ತದೆ, ನಿಜ; ಆದರೆ ಚಕ್ರವೂ ಸಸ್ಪೆನ್ಷನ್ನೂ ಅದಕ್ಕೆ ತಾಳ ಹಾಕುವುದು ಒಂದು ವೇಗದ ಆಸುಪಾಸಿನಲ್ಲಿ ಮಾತ್ರ. 75ಕ್ಕೆ ತಣ್ಣಗಾಗುತ್ತಿದ್ದ ಗುಟ್ಟು ಅದೇ.

ತಂತಿ ಬ್ರಷ್ಷಿನಿಂದ ಹಬ್ಬಿನ ತುಕ್ಕು ಉಜ್ಜಿ, ಅಳತೆಯ ಬಳೆ ತೊಡಿಸಿ, ಚಕ್ರ ಗಾಳಿಯಲ್ಲಿರುವಾಗಲೇ ಎದುರುಬದುರು ನಟ್ಟುಗಳನ್ನು ಕೈಯಿಂದ ಸಮನಾಗಿ ಬಿಗಿದೆ. ಇಳಿಸಿದ ಮೇಲೆ ಟಾರ್ಕ್ ವ್ರೆಂಚ್. ನಾಲ್ಕು ಬಳೆಗೆ ಕೊಟ್ಟದ್ದು ಊಟದ ದುಡ್ಡಿಗಿಂತ ಕಡಿಮೆ. ಸ್ಟೇರಿಂಗ್ ಈಗ 65ರಲ್ಲೂ ಸಾಧು.

ಹಳೆಯ ಕಾಂಕ್ರೀಟ್ ರಸ್ತೆಯ ಸಂದುಗಳ ಮೇಲೆ ಹೋದರೆ ಡ್ಯಾಶ್‌ಬೋರ್ಡು ಇನ್ನೂ ಒಮ್ಮೆ ಜುಮ್ಮೆನ್ನುತ್ತದೆ, ಆದರೆ ಅದರ ಕಾರಣವೇ ಬೇರೆ. ತಲೆಯ ಮೇಲೆ ಉಕ್ಕಿನ ಚಾವಣಿ ಇಲ್ಲದ ಕಾರಿನ ಮೈ ಸ್ವಲ್ಪ ತಿರುಚಿಕೊಳ್ಳುವುದೇ. ಕೆಳಗೆ ಅಡ್ಡಪಟ್ಟಿ ಹಾಕಿಸಿದರೆ ತುಸು ಕಡಿಮೆಯಾಗುತ್ತದಂತೆ. ಚಾವಣಿ ಬೆಸೆದುಬಿಟ್ಟರೆ ಪೂರ್ತಿ ಹೋದೀತು. ಆಮೇಲೆ ಈ ಕಾರು ಯಾರಿಗೆ ಬೇಕು?