ವೈಟ್‌ಚಾಪೆಲ್ಲಿನ ಬೀದಿಗಳಲ್ಲಿ

ಕೊಲೆ, ಕಳವು, ಒಳಸಂಚು ಎಂದರೆ ಜನರ ಕಿವಿ ನೆಟ್ಟಗಾಗುವುದು ಇಂದು ನಿನ್ನೆಯ ಮಾತಲ್ಲ. ಹಿಂದೆ ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದ ಇಂಥ ವೃತ್ತಾಂತಗಳು ಆಮೇಲೆ ಪತ್ತೇದಾರಿ ಪುಸ್ತಕಗಳಾದುವು. ಈಗ ಪಾಡ್‌ಕಾಸ್ಟ್ ಎಂಬ ಹೆಸರಿನಿಂದ ಫೋನಿನ ಮೂಲಕ ನೇರವಾಗಿ ಕಿವಿಗೇ ಬಂದಿಳಿಯುತ್ತಿವೆ. ಗೃಹಿಣಿಯರು ಅಡಿಗೆ ಮಾಡುತ್ತಲೂ, ಗೃಹಸ್ಥರು ಕಚೇರಿಯ ದಾರಿಯಲ್ಲಿಯೂ, ಮಕ್ಕಳು ರಾತ್ರಿ ದೀಪವಾರಿಸಿದ ಮೇಲೆಯೂ ಇವನ್ನು ಕೇಳುವರು. ಮನೆಯೊಳಕ್ಕೆ ಬರುವವರ ಗುಣವನ್ನರಿತು ಬರಮಾಡಿಕೊಳ್ಳುವಂತೆ ಇವುಗಳ ಗುಣವನ್ನೂ ಅರಿತೇ ಒಳಕ್ಕೆ ಬಿಡಬೇಕಷ್ಟೆ. ಆದರೆ ಅರಿಯುವ ಬಗೆ ಯಾವುದು? ಲಂಡನ್ ನಗರದ ಪೂರ್ವಭಾಗದ ಕೆಲವು ಬೀದಿಗಳನ್ನು ನಡೆದು ನೋಡಿದಾಗ ಈ ಪ್ರಶ್ನೆಗೆ ನಮಗೊಂದು ಉತ್ತರ ದೊರೆಯಿತು.

ನಮ್ಮ ನಾಡಿನಿಂದ ಲಂಡನ್ನಿಗೆ ಹೋದವರು ಥೇಮ್ಸ್ ನದಿಯ ದಂಡೆಯಲ್ಲಿ ೨೦೧೫ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ಕೈಮುಗಿದು, ಅರಮನೆಯನ್ನೂ ಟವರ್ ಎಂಬ ಹಳೆಯ ಕೋಟೆಯನ್ನೂ ನೋಡಿಕೊಂಡು ಮರಳುವುದುಂಟು. ಆ ಕೋಟೆಯಿಂದ ಈಶಾನ್ಯಕ್ಕೆ ಸುಮಾರು ಒಂದು ಮೈಲಿ ನಡೆದರೆ ವೈಟ್‌ಚಾಪೆಲ್ ಸಿಕ್ಕುವುದು. ಹೊರನಾಡುಗಳ ಬಡಜನರು ತಲೆಮಾರು ತಲೆಮಾರಾಗಿ ಬಂದು ನೆಲಸಿದ ಪ್ರದೇಶವಿದು. ಇದಕ್ಕೆ ಬ್ರಿಕ್ ಲೇನಿನ ಮೂಲೆಯಲ್ಲಿರುವ ಒಂದು ಕಟ್ಟಡವೇ ಸಾಕ್ಷಿ. ಫ್ರಾನ್ಸಿನಿಂದ ಬಂದು ಆಶ್ರಯ ಪಡೆದ ಪ್ರಾಟೆಸ್ಟಂಟರು ೧೭೪೩ರಲ್ಲಿ ಅದನ್ನು ತಮ್ಮ ಚರ್ಚಾಗಿ ಕಟ್ಟಿದರು, ೧೮೯೮ರಲ್ಲಿ ಅದು ಯೆಹೂದ್ಯರ ಪ್ರಾರ್ಥನಾಮಂದಿರವಾಯಿತು, ೧೯೭೬ರಿಂದ ಮಸೀದಿಯಾಗಿದೆ. ರೈಲು ನಿಲ್ದಾಣದ ಹೆಸರನ್ನು ೨೦೨೨ರಲ್ಲಿ ಬಂಗಾಳಿ ಲಿಪಿಯಲ್ಲಿಯೂ ಬರೆಯಿಸಿದ್ದಾರೆ.

ಈ ಬೀದಿಗಳಲ್ಲಿಯೇ ೧೮೮೮ನೆಯ ಇಸವಿಯ ಆಗಸ್ಟು ೩೧ರಿಂದ ನವೆಂಬರು ೯ರ ವರೆಗೆ ಐವರು ಸ್ತ್ರೀಯರು ಕೊಲೆಯಾದರು. ಕೊಂದವನು ಒಬ್ಬನೇ ಎಂಬುದು ಬಹುಮಂದಿಯ ಮತ. ಅವನು ಕೊನೆಗೂ ಸಿಕ್ಕಲಿಲ್ಲ. ಆ ಸೆಪ್ಟೆಂಬರಿನಲ್ಲಿ ಒಂದು ವಾರ್ತಾಸಂಸ್ಥೆಗೆ ಕೆಂಪು ಮಸಿಯಲ್ಲಿ ಬರೆದ ಕಾಗದವೊಂದು ಬಂದಿತು. ಅದರ ಕೆಳಗೆ ‘ಜಾಕ್ ದಿ ರಿಪ್ಪರ್’ ಎಂಬ ರುಜು ಇತ್ತು. ಅದು ಯಾವನೋ ಪತ್ರಿಕೆಯವನ ಕೈವಾಡವೆಂದು ಪೋಲೀಸಿನ ಹಿರಿಯ ಅಧಿಕಾರಿಗಳೇ ಅಭಿಪ್ರಾಯಪಟ್ಟರು. ಆದರೂ ಹೆಸರು ಮಾತ್ರ ಲೋಕದ ಬಾಯಲ್ಲಿ ನಿಂತುಹೋಯಿತು.

ಇಂದಿಗೂ ಸಂಜೆಯಾಯಿತೆಂದರೆ ಆಲ್ಡ್‌ಗೇಟಿನ ಸುತ್ತ ಪ್ರವಾಸಿಗಳ ಗುಂಪುಗಳು ನೆರೆಯುವುವು. ಮಾರ್ಗದರ್ಶಕನು ದುಡ್ಡು ತೆತ್ತವರನ್ನು ಮೂಲೆ ಮೂಲೆಯಲ್ಲಿ ನಿಲ್ಲಿಸಿ, ಗಾಯಗಳನ್ನು ವರ್ಣಿಸಿ, ಕೊಲೆಗಾರನು ಯಾರಿರಬಹುದೆಂದು ಒಗಟನ್ನೊಡ್ಡುವನು. ಕಮರ್ಷಿಯಲ್ ಬೀದಿಯ ‘ಟೆನ್ ಬೆಲ್ಸ್’ ಎಂಬ ಪಾನಗೃಹವು ೧೯೭೬ರಿಂದ ೧೯೮೮ರ ವರೆಗೆ ಆ ಕೊಲೆಗಾರನ ಹೆಸರನ್ನೇ ತನ್ನ ಫಲಕದ ಮೇಲೆ ಹೊತ್ತಿತ್ತು. ಕೇಬಲ್ ಬೀದಿಯಲ್ಲಿ ಸ್ತ್ರೀಯರ ಚರಿತ್ರೆಗೆ ಮೀಸಲೆಂದು ಹೇಳಿಕೊಂಡಿದ್ದ ವಸ್ತುಸಂಗ್ರಹಾಲಯವೊಂದು ೨೦೧೫ರಲ್ಲಿ ಬಾಗಿಲು ತೆರೆದಾಗ ಅದೂ ಅವನದೇ ಆಗಿತ್ತು. ಜನರು ಅದರ ಮುಂದೆ ನಿಂತು ಪ್ರತಿಭಟಿಸಿದರು.

ಒಳಸಂಚಿನ ಕಥೆಗಳಿಗಂತೂ ಲೆಕ್ಕವಿಲ್ಲ. ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರನೇ ಕೊಲೆಗಾರನೆಂದು ಕೆಲವರು ಬರೆದರು. ಅವನ ಗುಟ್ಟೊಂದನ್ನು ಮುಚ್ಚುವುದಕ್ಕಾಗಿ ರಾಜವೈದ್ಯನೂ ಫ್ರೀಮೇಸನ್ನರೂ ಹೂಡಿದ ಸಂಚಿದೆಂಬ ವಾದವು ೧೯೭೬ರಲ್ಲಿ ಸ್ಟೀಫನ್ ನೈಟ್ ಎಂಬವನ ಪುಸ್ತಕದಿಂದ ದೂರ ದೂರಕ್ಕೆ ಹಬ್ಬಿತು. ಒಂದೇ ರಾತ್ರಿ ಎರಡು ಕೊಲೆಗಳಾದ ಸೆಪ್ಟೆಂಬರು ೩೦ರಂದು ರಾಜಕುಮಾರನು ನೂರಾರು ಮೈಲಿ ದೂರದ ಸ್ಕಾಟ್ಲೆಂಡಿನಲ್ಲಿದ್ದನೆಂದು ಆ ಕಾಲದ ದಾಖಲೆಗಳು ಸಾರುತ್ತವೆ. ಆದರೆ ರುಚಿಯಾದ ಕಥೆಗೆ ದಾಖಲೆಯ ಗೊಡವೆ ಯಾಕೆ?

ಈ ಗದ್ದಲದ ನಡುವೆ ನಾವು ವಾಚಕರಿಗೆ ಸೂಚಿಸಬಯಸುವುದು ‘ಬ್ಯಾಡ್ ವಿಮೆನ್: ದಿ ರಿಪ್ಪರ್ ರೀಟೋಲ್ಡ್’ ಎಂಬ ಇಂಗ್ಲಿಷ್ ಪಾಡ್‌ಕಾಸ್ಟನ್ನು. ಇದು ೨೦೨೧ರಲ್ಲಿ ಹೊರಟಿತು. ಇದನ್ನು ಹೇಳಿದವರು ಹ್ಯಾಲೀ ರೂಬೆನ್‌ಹೋಲ್ಡ್ ಎಂಬ ಚರಿತ್ರಕಾರರು. ೨೦೧೯ರಲ್ಲಿ ಪ್ರಕಟವಾದ ಅವರ ‘ದಿ ಫೈವ್’ ಎಂಬ ಗ್ರಂಥವೇ ಇದಕ್ಕೆ ಆಧಾರ. ಕೊಂದವನು ಯಾರೆಂದು ಅವರು ಹುಡುಕುವುದಿಲ್ಲ. ಸತ್ತವರು ಯಾರೆಂದು ಹುಡುಕುವರು. ಐವರೂ ವೇಶ್ಯೆಯರೆಂದು ಲೋಕವು ನೂರು ವರ್ಷಗಳಿಂದ ಹೇಳಿಕೊಂಡು ಬಂದಿದ್ದರೆ, ಅವರಲ್ಲಿ ಮೂವರ ವಿಷಯದಲ್ಲಿ ಆ ಮಾತಿಗೆ ಸಾಕ್ಷ್ಯವೇ ಇಲ್ಲವೆಂದು ಅವರ ವಾದ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ಅವರು ಕೂಡಿಹಾಕಿದ ಜೀವನವೃತ್ತಾಂತಗಳನ್ನು ಕೇಳಿದ ಮೇಲೆ ಈ ಬೀದಿಗಳಲ್ಲಿ ಹಿಂದಿನಂತೆ ನಡೆಯುವುದು ಸಾಧ್ಯವಿಲ್ಲ. ಅವರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಮುಂದಿನ ದಾರಿಯನ್ನು ನಡೆದೆವು.

ಮೊದಲನೆಯ ತಾಣವು ವೈಟ್‌ಚಾಪೆಲ್ ರೈಲು ನಿಲ್ದಾಣದ ಬೆನ್ನಿಗೇ ಇದೆ. ಆಗ ಬಕ್ಸ್ ರೋ ಎನಿಸಿಕೊಂಡಿದ್ದ ಈ ಬೀದಿಗೆ ೧೮೯೨ರಲ್ಲಿ ಡರ್‌ವರ್ಡ್ ಬೀದಿಯೆಂದು ಹೆಸರು ಬದಲಾಯಿತು. ಇಲ್ಲಿ ಸತ್ತು ಬಿದ್ದಿದ್ದವಳು ಮೇರಿ ಆ್ಯನ್ ನಿಕಲ್ಸ್, ಐದು ಮಕ್ಕಳ ತಾಯಿ. ಗಂಡನು ಮುದ್ರಣಾಲಯದಲ್ಲಿ ಕೆಲಸಗಾರ. ಸಂಸಾರವು ಮುರಿದು, ಅನಾಥಾಲಯಗಳಲ್ಲಿ ಅಲೆದು, ಕೊನೆಗೆ ದಿನಬಾಡಿಗೆಯ ಛತ್ರಗಳಲ್ಲಿ ಮಲಗುವ ಸ್ಥಿತಿಗೆ ಬಂದಿದ್ದಳು. ಆ ರಾತ್ರಿ ಹಾಸಿಗೆಗೆ ಕೊಡಬೇಕಾದ ನಾಲ್ಕು ಪೆನ್ನಿ ಇಲ್ಲವೆಂದು ಅವಳನ್ನು ಹೊರಕ್ಕೆ ಕಳುಹಿಸಿದರು. ತಲೆಯ ಮೇಲಿನ ಹೊಸ ಟೋಪಿಯನ್ನು ತೋರಿಸಿ, ನಗುತ್ತಲೇ ಬೀದಿಗಿಳಿದಳಂತೆ.

ಅಲ್ಲಿಂದ ಪಶ್ಚಿಮಕ್ಕೆ ಹದಿನೈದು ನಿಮಿಷ ನಡೆದರೆ ಹ್ಯಾನ್‌ಬರಿ ಬೀದಿ. ಆ್ಯನಿ ಚ್ಯಾಪ್‌ಮನ್ ಸತ್ತ ೨೯ನೆಯ ನಂಬರಿನ ಮನೆ ಈಗಿಲ್ಲ; ಹಳೆಯ ಬಿಯರ್ ಕಾರ್ಖಾನೆಯ ಕಟ್ಟಡ ಅಲ್ಲಿ ನಿಂತಿದೆ. ಇವಳ ಗಂಡನು ಶ್ರೀಮಂತರೊಬ್ಬರ ಸಾರೋಟು ಹೊಡೆಯುವವನು. ಹನ್ನೆರಡು ವರ್ಷದ ಮಗಳು ೧೮೮೨ರಲ್ಲಿ ಮಿದುಳುಜ್ವರದಿಂದ ತೀರಿಕೊಂಡಳು. ಇವಳಿಗೆ ಕುಡಿತದ ಚಟ, ಮನೆ ಬಿಡಬೇಕಾಯಿತು. ಗಂಡನು ವಾರಕ್ಕೆ ಹತ್ತು ಷಿಲಿಂಗು ಕಳುಹಿಸುತ್ತಿದ್ದನು. ೧೮೮೬ರ ಕ್ರಿಸ್‌ಮಸ್ ಸಮಯದಲ್ಲಿ ಅವನೂ ಸತ್ತ ಮೇಲೆ ಆ ಹಣವೂ ನಿಂತುಹೋಯಿತು. ಕಸೂತಿ ಹೆಣೆದೂ ಹೂ ಮಾರಿಯೂ ಹೊಟ್ಟೆ ಹೊರೆಯುತ್ತಿದ್ದಳು. ಅವಳಿಗೂ ಆ ರಾತ್ರಿ ಹಾಸಿಗೆಯ ದುಡ್ಡಿರಲಿಲ್ಲ.

ದಕ್ಷಿಣಕ್ಕೆ ಇಳಿದು ಆಲ್ಡ್‌ಗೇಟನ್ನು ದಾಟಿದರೆ ಮೈಟರ್ ಚೌಕ. ಸುತ್ತ ಕಚೇರಿಗಳು, ಪಕ್ಕದಲ್ಲಿ ಒಂದು ಪಾಠಶಾಲೆ. ಕ್ಯಾಥರೀನ್ ಎಡ್ಡೋಸ್ ಎಂಬವಳು ಕೊಲೆಯಾದುದು ಇಲ್ಲಿ. ಅವಳ ಬಳಿ ದೊರೆತ ಸಾಮಾನುಗಳ ಪಟ್ಟಿಯನ್ನು ಪೋಲೀಸರು ಬರೆದಿಟ್ಟಿದ್ದಾರೆ. ತಗಡಿನ ಡಬ್ಬಿಗಳಲ್ಲಿ ಚಹದ ಪುಡಿ ಮತ್ತು ಸಕ್ಕರೆ, ಸಾಬೂನಿನ ತುಂಡು, ಬಾಚಣಿಗೆ, ಚಮಚ, ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಟೊಪ್ಪಿಗೆ, ಸಂಗಾತಿಯ ಬೂಟುಗಳನ್ನು ಒತ್ತೆಯಿಟ್ಟ ಚೀಟಿ. ಮನೆಯಿಲ್ಲದವಳು ತನ್ನ ಸಂಸಾರವನ್ನೆಲ್ಲ ಕಿಸೆಗಳಲ್ಲಿ ಹೊತ್ತು ತಿರುಗುತ್ತಿದ್ದಳು. ಈ ಪಟ್ಟಿಯನ್ನು ಕೇಳಿದ ಗೃಹಿಣಿಯರಿಗೆ ಕೊಲೆಗಾರನ ಹೆಸರು ಬೇಕೆನಿಸಲಾರದು. ಅವಳಿಗೊಂದು ಒಲೆಯೂ ಒಂದು ಕದವೂ ಏಕೆ ದೊರೆಯಲಿಲ್ಲವೆಂಬ ಪ್ರಶ್ನೆಯೇ ಮನಸ್ಸನ್ನು ಕೊರೆಯುವುದು.

ಇಂಥ ಕಥನಗಳನ್ನು ಆರಿಸುವುದಕ್ಕೆ ನಾವು ಕಂಡುಕೊಂಡ ಒರೆಗಲ್ಲು ಇದೇ: ಕೇಳಿ ಮುಗಿಸಿದಾಗ ಕೊಂದವನ ಸಾಹಸ ನೆನಪಿನಲ್ಲಿ ಉಳಿಯಿತೋ, ಸತ್ತವರ ಬಾಳು ಉಳಿಯಿತೋ? ಊಹೆಯನ್ನು ಊಹೆಯೆಂದೂ ಸಾಕ್ಷ್ಯವನ್ನು ಸಾಕ್ಷ್ಯವೆಂದೂ ಹೇಳಿದರೋ ಇಲ್ಲವೋ? ಒರೆಗೆ ನಿಲ್ಲುವವು ಕೆಲವೊಮ್ಮೆ ಲೋಕೋಪಕಾರವನ್ನೂ ಮಾಡುವುವು. ೧೯೮೨ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ಕಾಣೆಯಾದಳು. ೨೦೧೮ರಲ್ಲಿ ‘ದಿ ಟೀಚರ್ಸ್ ಪೆಟ್’ ಎಂಬ ಪಾಡ್‌ಕಾಸ್ಟು ಆ ವಿಷಯವನ್ನು ಮತ್ತೆ ಜನರ ಮುಂದಿಟ್ಟಿತು. ಆ ವರ್ಷವೇ ಗಂಡನ ಬಂಧನವಾಗಿ, ೨೦೨೨ರಲ್ಲಿ ಅವನೇ ಅಪರಾಧಿಯೆಂದು ತೀರ್ಪಾಯಿತು. ಆದರೆ ಇದರ ಪ್ರಚಾರವು ನ್ಯಾಯವಿಚಾರಣೆಗೆ ಅಡ್ಡಿಯಾಗುವುದೆಂಬ ಚಿಂತೆಯೂ ಹುಟ್ಟಿ, ಜ್ಯೂರಿಯಿಲ್ಲದೆ ನ್ಯಾಯಾಧೀಶರೊಬ್ಬರೇ ವಿಚಾರಣೆ ನಡೆಸಿದರು. ಊರೆಲ್ಲ ಕೇಳುವ ಮಾತಿನ ಬಲವೂ ಅಪಾಯವೂ ಇದರಿಂದ ವಿದಿತವಾಗುವುದು. ಎಳೆಯ ಮಕ್ಕಳಿರುವ ಮನೆಯಲ್ಲಿ ಹಿರಿಯರು ಮೊದಲು ತಾವು ಕೇಳಿ, ಆಮೇಲೆ ಮಕ್ಕಳ ಕೈಗೆ ಕೊಡುವುದು ಲೇಸು.

ವೈಟ್‌ಚಾಪೆಲ್ಲಿಗೆ ಹೋಗುವ ವಾಚಕರು ಹಗಲು ಹೊತ್ತಿನಲ್ಲಿಯೇ ಈ ದಾರಿ ನಡೆಯಲಿ. ಸಮಯವಿದ್ದರೆ ಇನ್ನೂ ಪೂರ್ವಕ್ಕೆ ರೈಲಿನಲ್ಲಿ ಹೋಗಿ, ಮ್ಯಾನರ್ ಪಾರ್ಕಿನ ಬಳಿಯ ಸಿಟಿ ಆಫ್ ಲಂಡನ್ ಶ್ಮಶಾನವನ್ನು ನೋಡಬಹುದು. ಮೇರಿ ಆ್ಯನ್ ನಿಕಲ್ಸಳನ್ನೂ ಕ್ಯಾಥರೀನ್ ಎಡ್ಡೋಸಳನ್ನೂ ಅಲ್ಲಿಯೇ ಹೂಳಿದರು. ಅವರ ಹೆಸರಿನ ಫಲಕಗಳನ್ನು ಅಲ್ಲಿ ನೆಟ್ಟುದು ೧೯೯೬ರಲ್ಲಿ, ಅವರು ಸತ್ತ ನೂರೆಂಟು ವರ್ಷಗಳ ಮೇಲೆ.